ನೆರೆ ಇಳಿದ ಮೇಲೆ ಒಂದು ಮನೆಯವರ ಜೊತೆ ನಿಲ್ಲೋದು ಹೇಗೆ

2019ರ ಆಗಸ್ಟ್‌ನಲ್ಲಿ ಪಂಚಮಿ ಹಬ್ಬದ ವಾರವೇ ಮಲಪ್ರಭಾ ಹೊಳೆ ಬಂತು. ಎಷ್ಟೋ ವರ್ಷ ಮಳೆಗಾಲದಲ್ಲೂ ಸೊರಗಿ ಹರೀತಿದ್ದ ಹೊಳೆ ಅದು, ಮೇಲೆ ಮಳೆ ಹೊಡೆದು ನವಿಲುತೀರ್ಥ ಡ್ಯಾಮ್ ತುಂಬಿ ನೀರು ಬಿಟ್ಟಿದ್ದೇ ತಡ ಸೀದಾ ಊರೊಳಗೆ ನುಗ್ತು. ರಾಮದುರ್ಗ ತಾಲ್ಲೂಕಲ್ಲಿ ಹೊಳೆದಂಡೆಗಿರೋ ನಮ್ಮ ಸೋದರಮಾವನ ಊರಲ್ಲಿ ಜನ ಉಟ್ಟ ಬಟ್ಟೆ ಮೇಲೆ ಎತ್ತರದಲ್ಲಿದ್ದ ಶಾಲೆಗೆ ಓಡಿದ್ರು. ಅತ್ತಿ ಕೈಗೆ ಸಿಕ್ಕಿದ್ದು ಹಬ್ಬಕ್ಕೆ ಕಟ್ಟಿಟ್ಟಿದ್ದ ಉಂಡಿ ಡಬ್ಬಿ ಒಂದೇ. ಪೆಟ್ಟಿಗೆಯಲ್ಲಿದ್ದ ಕಾಗದಪತ್ರ, ಮೂಲೆಯಲ್ಲಿದ್ದ ಜೋಳದ ಚೀಲ, ಗೂಡಿನಲ್ಲಿದ್ದ ಮಾವನ ಬಿಪಿ ಗುಳಿಗೆ ಎಲ್ಲಾ ಅಲ್ಲೇ ಉಳೀತು.

ಆ ವರ್ಷ ರಾಜ್ಯದಲ್ಲಿ 22 ಜಿಲ್ಲೆಯ 103 ತಾಲ್ಲೂಕುಗಳನ್ನ ನೆರೆಪೀಡಿತ ಅಂತ ಘೋಷಣೆ ಮಾಡಿದ್ರು. ಬೆಂಗಳೂರಿಂದ ಹುಬ್ಬಳ್ಳಿಯಿಂದ ಗಾಡಿಗಟ್ಟಲೆ ಸಾಮಾನು ಬಂತು, ಜನರ ಮನಸ್ಸು ದೊಡ್ಡದಿತ್ತು, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಹದಿನೈದು ದಿನ ಆದ್ಮೇಲೆ ಗಾಡಿ ನಿಂತ್ವು, ಟಿವಿಯವರು ಹೋದ್ರು, ನಿಜವಾದ ಕಷ್ಟ ಶುರು ಆಗಿದ್ದೇ ಅಲ್ಲಿಂದ. ಅಕ್ಟೋಬರ್‌ನಲ್ಲಿ ಅದೇ ಹೊಳೆ ಮತ್ತೆ ಬಂತು, ಆಗ ಬಂದು ನೋಡಿದವರು ಬೆರಳೆಣಿಕೆ ಮಂದಿ. ಅದಕ್ಕೇ ನಾನು ಯಾರು ಕೇಳಿದ್ರೂ ಒಂದೇ ಮಾತು ಹೇಳೋದು: ನೂರು ಮನೆಗೆ ಒಂದೊಂದು ಕಿಟ್ ಕೊಡೋದು ಸಂಘ ಸಂಸ್ಥೆಯವರು ಮಾಡ್ತಾರೆ, ನಿಮ್ಮಂಥ ನಮ್ಮಂಥವರು ಒಂದೇ ಒಂದು ಮನೆ ಹಿಡ್ಕೊಳ್ಳಿ, ನೆಂಟರಾಗಲಿ, ಮನೆಗೆಲಸದವರ ಊರಿನವರಾಗಲಿ, ಜೊತೆಗೆ ಓದಿದವರಾಗಲಿ, ಆ ಮನೆಯನ್ನ ಒಂದು ವರ್ಷ ಬಿಡಬೇಡಿ. ಆ ಒಂದು ವರ್ಷದಲ್ಲಿ ಯಾವಾಗ ಏನು ಮಾಡ್ಬೇಕು ಅನ್ನೋದನ್ನ, ನಾವು ಮಾಡಿ ಕಲಿತಿದ್ದು, ತಪ್ಪಿ ಕಲಿತಿದ್ದು ಎಲ್ಲಾ ಸೇರಿಸಿ ಕೆಳಗೆ ಬರೀತಿದೀನಿ.

ಮೊದಲು ಫೋನು, ಆಮೇಲೆ ಗಾಡಿ

ಸುದ್ದಿ ಕೇಳಿದ ತಕ್ಷಣ ಕಾರು ಹತ್ತಿ ಹೊರಡಬೇಡಿ. ಸೇತುವೆ ಮೇಲೆ ನೀರು ಇರುತ್ತೆ, ರಸ್ತೆ ಕೊಚ್ಚಿ ಹೋಗಿರುತ್ತೆ, ನೀವೂ ಸಿಕ್ಕಿಹಾಕ್ಕೊಂಡ್ರೆ ರಕ್ಷಣೆಗೆ ಬಂದವರಿಗೆ ಇನ್ನೊಂದು ಕೆಲಸ. ಫೋನ್ ಮಾಡಿ. ಫೋನ್ ಹತ್ತದಿದ್ರೆ ಜಿಲ್ಲಾ ಕಂಟ್ರೋಲ್ ರೂಮ್ 1077ಕ್ಕೆ ಮಾಡಿ ಊರ ಹೆಸರು ಹೇಳಿ ಯಾವ ಕಾಳಜಿ ಕೇಂದ್ರದಲ್ಲಿ ಇದ್ದಾರೆ ಕೇಳಿ.

ಮಾತಾಡೋಕೆ ಸಿಕ್ಕಾಗ "ಏನು ಬೇಕು" ಅಂತ ಕೇಳಿದ್ರೆ ಉತ್ತರ ಬರಲ್ಲ. ನಮ್ಮ ಮಾವ ಅವತ್ತು ಹೇಳಿದ್ದು "ಏನೂ ಬ್ಯಾಡಪಾ, ಜೀವ ಉಳದಾವಲ್ಲ, ಸಾಕು" ಅಂತ. ಅಭಿಮಾನ ಇರೋ ಮನೆಯವರು ಹಾಗೇ ಹೇಳೋದು. ಅದರ ಬದಲು ಒಂದೊಂದಾಗಿ ಕೇಳಿ: ರಾತ್ರಿ ಎಲ್ಲಿ ಮಲಗಿದ್ರಿ? ಮಾವ, ಬಿಪಿ ಗುಳಿಗೆ ಐತೇನು, ಇವತ್ತು ತಗೊಂಡ್ರಾ? ಎಮ್ಮಿ ಎಲ್ಲದಾವು? ಹೆಣ್ಣುಮಕ್ಕಳಿಗೆ ಪ್ಯಾಡು, ಒಳಬಟ್ಟೆ, ಸಂಡಾಸಕ್ಕೆ ಹೋಗೋಕೆ ಜಾಗ ಇದೆಯಾ? ಬಸುರಿ ಇದ್ರೆ ಅವಳ ತಾಯಿ ಕಾರ್ಡ್ ಉಳಿದಿದೆಯಾ? ಸಕ್ಕರೆ ಕಾಯಿಲೆ, ಬಿಪಿ, ಫಿಟ್ಸ್, ಟಿಬಿ ಇವುಗಳ ಗುಳಿಗೆ ಒಂದು ದಿನವೂ ತಪ್ಪಬಾರದು, ಹಳೇ ಚೀಟಿ ಇಲ್ಲದಿದ್ರೂ ಆಶಾ ಕಾರ್ಯಕರ್ತೆಗೋ ಹತ್ತಿರದ ಪಿಎಚ್‌ಸಿಗೋ (ಪ್ರಾಥಮಿಕ ಆರೋಗ್ಯ ಕೇಂದ್ರ) ಹೇಳಿದ್ರೆ ವ್ಯವಸ್ಥೆ ಆಗುತ್ತೆ, ಟಿಬಿ ಗುಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಫ್ರೀ. ನಾವು ಮೊದಲ ಸಲ ಹೋಗುವಾಗ ಒಯ್ದಿದ್ದು ಗುಳಿಗೆ, ಎರಡು ಟಾರ್ಚು, ಒಂದು ಪವರ್ ಬ್ಯಾಂಕು, ಹೊಸ ಒಳಬಟ್ಟೆ, ಚಾಪೆ, ಹೊದಿಕೆ, ಜೊತೆಗೆ ಸ್ವಲ್ಪ ಚಿಲ್ಲರೆ ನೋಟು. ಎಟಿಎಂ ನಡೀತಿರಲಿಲ್ಲ, ಆ ನೂರು ಐವತ್ತರ ನೋಟುಗಳೇ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದ್ವು.

ಹಳೇ ಬಟ್ಟೆ ದಯವಿಟ್ಟು ಒಯ್ಯಬೇಡಿ. ಶಾಲೆ ಅಂಗಳದಲ್ಲಿ ಹಳೇ ಬಟ್ಟೆ ಗುಡ್ಡೆ ಮಳೆಯಲ್ಲಿ ನೆಂದು ನಾರ್ತಾ ಬಿದ್ದಿದ್ದು ನಾನೇ ಕಣ್ಣಾರೆ ಕಂಡಿದೀನಿ. ಎಲ್ಲಾ ಕಳ್ಕೊಂಡು ನಿಂತಿರೋ ಹೆಣ್ಣುಮಗಳಿಗೆ ಹರಿದ ಸೀರೆ ಕೊಟ್ರೆ ಅವಳಿಗೆ ಎಷ್ಟು ನೋವಾಗುತ್ತೆ ಅನ್ನೋದು ಕೊಡೋ ಕೈಗೆ ಗೊತ್ತಾಗಲ್ಲ. ಒಂದೇ ಸೀರೆ ಕೊಟ್ರೂ ಹೊಸದು ಕೊಡಿ, ಜೊತೆಗೆ ಕುಬಸದ ಬಟ್ಟೆ ಇರಲಿ.

ಮನೆ ಒಳಗೆ ಕಾಲಿಡೋ ಮುಂಚೆ

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಜೀವ ಹೋಗೋದು ಇಲ್ಲೇ. ನಮ್ಮ ಕಡೆ ಹಳೇ ಮನೆ ಅಂದ್ರೆ ದಪ್ಪ ಮಣ್ಣಿನ ಗೋಡೆ, ಮರದ ತೊಲೆ, ಮೇಲೆ ಮೇಲ್ಮುದ್ದಿ, ಅಂದ್ರೆ ಮಣ್ಣಿನ ಛಾವಣಿ. ಬೇಸಿಗೆಗೆ ತಂಪು, ಆದ್ರೆ ನೀರಿಗೆ ಶತ್ರು. ಜನ ಏನಂದ್ಕೋತಾರೆ, ನೀರಲ್ಲಿ ನಾಲ್ಕು ದಿನ ನಿಂತಿದ್ದ ಗೋಡೆ ನೀರು ಇಳಿದ ಮೇಲೆ ಬೀಳುತ್ತಾ ಅಂತ. ಬೀಳುತ್ತೆ. ಬುಡದಲ್ಲಿ ಮಣ್ಣು ನೆನೆದು ಮೆತ್ತಗಾಗಿರುತ್ತೆ, ಮೇಲೆ ಮೇಲ್ಮುದ್ದಿ ನೀರು ಕುಡಿದು ಇನ್ನೂ ಭಾರ ಆಗಿರುತ್ತೆ, ಬಿಸಿಲು ಬಿದ್ದು ಗೋಡೆ ಒಣಗೋಕೆ ಶುರು ಆದಾಗ ಬಿರುಕು ಬಿಟ್ಟು ಒಮ್ಮೆಗೇ ಕುಸಿಯುತ್ತೆ. ಮಾವನ ಮನೆ ಹಿಂದಿನ ಗೋಡೆ ಬಿದ್ದಿದ್ದು ನೀರು ಇಳಿದು ಎಷ್ಟೋ ದಿನ ಆದ್ಮೇಲೆ, ಮಟಮಟ ಮಧ್ಯಾಹ್ನ ಬಿಸಿಲಲ್ಲಿ. ಪುಣ್ಯಕ್ಕೆ ಯಾರೂ ಒಳಗಿರಲಿಲ್ಲ. ಅದಕ್ಕೆ ಹೊರಗಿಂದ ಒಂದು ಸುತ್ತು ಬನ್ನಿ. ಗೋಡೆ ಬುಡ ಉಬ್ಬಿದೆಯಾ, ತೊಲೆ ಮತ್ತು ಗೋಡೆ ನಡುವೆ ಸಂದು ಬಿಟ್ಟಿದೆಯಾ, ಬಾಗಿಲು ಚೌಕಟ್ಟಿಗೆ ಸಿಕ್ಕಿಹಾಕ್ಕೊಂಡಿದೆಯಾ ನೋಡಿ. ಇವುಗಳಲ್ಲಿ ಒಂದಿದ್ರೂ ಒಳಗೆ ಮಲಗೋ ಮಾತೇ ಬೇಡ, ಸಾಮಾನು ತೆಗೆಯೋದಿದ್ರೂ ಊರಿನ ಗೌಂಡಿಯನ್ನ ಕರೆಸಿ ಆಸರೆಗೆ ಕಂಬ ಕೊಟ್ಟು ಆಮೇಲೆ. "ನಮ್ಮ ಅಜ್ಜನ ಕಾಲದ ಗ್ವಾಡಿ, ಏನೂ ಆಗಂಗಿಲ್ಲ" ಅಂತ ಹಿರಿಯರು ಹಟ ಮಾಡ್ತಾರೆ, ಅವರ ಜೊತೆ ಜಗಳ ಆದ್ರೂ ಪರವಾಗಿಲ್ಲ, ಒಳಗೆ ಬಿಡಬೇಡಿ.

ಕರೆಂಟು: ಮೀಟರ್ ಬೋರ್ಡ್ ಮುಳುಗಿದ್ರೆ ಮೇನ್ ಸ್ವಿಚ್ ಮುಟ್ಟೋಕೂ ಹೋಗಬೇಡಿ, ಲೈನ್‌ಮನ್ ಬಂದು ಕಂಬದಿಂದ ಕಟ್ ಮಾಡ್ಲಿ, 1912ಕ್ಕೆ ಹೇಳಿ. ವೈರಿಂಗ್ ಪೂರ್ತಿ ಒಣಗಿ ವೈರ್‌ಮನ್ ಚೆಕ್ ಮಾಡೋ ತನಕ ಫ್ರಿಜ್ಜು ಮಿಕ್ಸಿ ಯಾವುದನ್ನೂ "ನೋಡೋಣ ನಡೀತದೋ ಇಲ್ಲೋ" ಅಂತ ಪ್ಲಗ್‌ಗೆ ಹಾಕಬೇಡಿ. ಸಿಲಿಂಡರ್ ತೇಲಿ ಹೋಗಿ ಉರುಳಿದ್ರೆ ಏಜೆನ್ಸಿಯವರು ನೋಡಿದ ಮೇಲೇ ಹಚ್ಚೋದು, ರೆಗ್ಯುಲೇಟರ್ ಮತ್ತು ಪೈಪು ಹೊಸದೇ ಹಾಕಿಸಿ. ಹಾವು ಚೇಳು ಸಂದಿಗೊಂದಿಯಲ್ಲಿ ಸೇರಿರುತ್ತೆ, ಕೋಲಲ್ಲಿ ಬಡಿದು ಸದ್ದು ಮಾಡಿ ಆಮೇಲೆ ಕೈ ಹಾಕಿ, ಕಾಲಿಗೆ ಗಂಬೂಟು ಇರಲಿ. ಕಚ್ಚಿದ್ರೆ ಕಟ್ಟೋದು ಕೊಯ್ಯೋದು ಬೇಡ, 108 ಕರೆದು ಸೀದಾ ಸರ್ಕಾರಿ ಆಸ್ಪತ್ರೆ.

ಇನ್ನು ಹಗೇವು. ಉತ್ತರ ಕರ್ನಾಟಕದ ಹಳೇ ಮನೆಗಳಲ್ಲಿ ಇನ್ನೂ ಹಗೇವು ಇದಾವೆ, ನೆಲದೊಳಗೆ ಜೋಳ ತುಂಬಿಡೋ ಕಣಜ. ನೀರು ಹೊಕ್ಕು ಕಾಳು ಕೊಳೆತ್ರೆ ಒಳಗೆ ವಿಷಗಾಳಿ ತುಂಬ್ಕೊಂಡಿರುತ್ತೆ, ಕಣ್ಣಿಗೆ ಕಾಣಲ್ಲ, ಇಳಿದವರು ಒಂದೆರಡು ಉಸಿರಲ್ಲೇ ಬಿದ್ದುಬಿಡ್ತಾರೆ, ಅವರನ್ನ ಎತ್ತೋಕೆ ಅಂತ ಇನ್ನೊಬ್ಬರು ಇಳೀತಾರೆ, ಅವರೂ ಅಲ್ಲೇ. ಬಾಯಿ ತೆಗೆದು ಗಾಳಿಗೆ ಬಿಡಿ, ಮೇಲಿಂದ ಪಂಪ್ ಹಾಕಿ ನೀರು ಎತ್ತಿ, ಆದ್ರೆ ಯಾರನ್ನೂ ಒಳಗೆ ಇಳಿಸಬೇಡಿ. ಆ ಜೋಳ ಹೋಯ್ತು ಅಂತ ತಿಳ್ಕೊಳ್ಳಿ, ಬೂಸ್ಟು ಹಿಡಿದ ಕಾಳು ದನಕ್ಕೂ ಹಾಕಬಾರದು.

ರಾಡಿ ತೆಗೆಯೋದು, ಆದ್ರೆ ಅದಕ್ಕೂ ಮೊದಲು ಫೋಟೋ

ಸಲಿಕೆ ಕೈಗೆ ತಗೊಳ್ಳೋ ಮುಂಚೆ ಮೊಬೈಲ್ ತಗೊಳ್ಳಿ. ಗೋಡೆ ಮೇಲೆ ನೀರು ನಿಂತ ಗೆರೆ ಇರುತ್ತಲ್ಲ, ಆ ಗೆರೆ ಪಕ್ಕ ಮನೆಯವರೊಬ್ಬರನ್ನ ನಿಲ್ಲಿಸಿ ಫೋಟೋ ತೆಗೀರಿ, ಎತ್ತರ ಎಷ್ಟು ಅಂತ ಗೊತ್ತಾಗುತ್ತೆ. ನಾಲ್ಕೂ ಕಡೆಯಿಂದ ಮನೆ, ಬಿದ್ದ ಗೋಡೆ, ಹಾಳಾದ ಚೀಲ, ಸತ್ತ ದನ, ಹೊಲ. ದಿನಾಂಕ ಮತ್ತು ಜಾಗ ಬೀಳೋ ಹಾಗೆ ಜಿಪಿಎಸ್ ಕ್ಯಾಮೆರಾ ಆ್ಯಪ್ ಹಾಕ್ಕೊಂಡು ತೆಗೆದ್ರೆ ಇನ್ನೂ ಒಳ್ಳೇದು. ನಾವು ಮೊದಲ ದಿನ ಹುರುಪಲ್ಲಿ ಎರಡು ಕೋಣೆ ಚೊಕ್ಕ ಮಾಡಿಬಿಟ್ಟು ಆಮೇಲೆ ಸರ್ವೆಗೆ ಬಂದವರಿಗೆ ತೋರ್ಸೋಕೆ ಏನೂ ಇಲ್ಲದೆ ಒದ್ದಾಡಿದ್ವಿ. ಸರ್ವೆ ಆಗೋ ತನಕ ಬಿರುಕು ಬಿಟ್ಟ ಗೋಡೆಯನ್ನ ನೀವಾಗೇ ಕೆಡವಬೇಡಿ, ಅಪಾಯ ಅಂತ ಕೆಡವಲೇಬೇಕಾದ್ರೆ ವಿಡಿಯೋ ಮಾಡಿ, ಪಂಚಾಯ್ತಿಯವರಿಗೆ ಬರವಣಿಗೆಯಲ್ಲಿ ತಿಳಿಸಿ ಆಮೇಲೆ ಕೆಡವಿ.

ರಾಡಿಯನ್ನ ಹಸಿ ಇದ್ದಾಗಲೇ ತೆಗೀಬೇಕು, ಒಣಗಿದ್ರೆ ಕಲ್ಲಾಗುತ್ತೆ. ಒಂದು ಮನೆಗೆ ಆರೇಳು ಜನ, ನಾಲ್ಕು ಸಲಿಕೆ, ಬುಟ್ಟಿ, ಒಂದು ಬಾಡಿಗೆ ಪಂಪು ಇದ್ರೆ ಎರಡು ದಿನದ ಕೆಲಸ. ನಿಮ್ಮ ಗೆಳೆಯರ ಗುಂಪು ಕರ್ಕೊಂಡು ಹೋಗೋಕೆ ಸರಿಯಾದ ಸಮಯ ಇದೇ, ಬಿಸ್ಕಿಟ್ ಹಂಚೋಕಲ್ಲ. ಗಾಯ ಆಗದಿರೋ ಹಾಗೆ ಬೂಟು, ಕೈಗವಸು ಹಾಕ್ಕೊಳ್ಳಿ, ಟಿಟಿ ಇಂಜೆಕ್ಷನ್ ಹಾಕಿಸ್ಕೊಳ್ಳಿ. ಇಲಿಜ್ವರ ಬರೋದು ಈ ರಾಡಿ ನೀರಲ್ಲಿ ಬರಿಗಾಲಲ್ಲಿ ಓಡಾಡಿದಾಗ್ಲೇ, ಮುನ್ನೆಚ್ಚರಿಕೆಗೆ ಗುಳಿಗೆ ಬೇಕಾ ಅಂತ ಪಿಎಚ್‌ಸಿ ಡಾಕ್ಟರನ್ನ ಕೇಳಿ, ಜ್ವರ ಮೈಕೈ ನೋವು ಕಣ್ಣು ಕೆಂಪು ಬಂದ್ರೆ ಅಂಗಡಿ ಗುಳಿಗೆ ನುಂಗಿ ಕೂರಬೇಡಿ.

ಏನು ಎಸೀಬೇಕು ಏನು ಇಟ್ಕೋಬೇಕು ಅನ್ನೋದನ್ನ ಮನೆಯವರೇ ಹೇಳ್ಲಿ. ಹತ್ತಿ ಗಾದಿ, ದಿಂಬು ಹೋಯ್ತು, ಅವು ಉಳಿಯಲ್ಲ. ನಾನು ಅದರ ಜೊತೆಗೇ ಒಂದು ಕೌದಿಯನ್ನೂ ಎಸೆಯೋಕೆ ಎತ್ತಿದ್ದೆ, ರಾಡಿ ಕುಡಿದು ಒಂದು ಮೂಟೆ ಭಾರ ಆಗಿತ್ತು, ಬಣ್ಣವೇ ಗೊತ್ತಾಗ್ತಿರಲಿಲ್ಲ. ಅತ್ತಿ ಓಡಿ ಬಂದು "ಬ್ಯಾಡೋ ತಮ್ಮಾ, ಅದು ನಮ್ಮವ್ವ ಹೊಲದಿದ್ದು" ಅಂದ್ರು. ನೀರು ಇಳಿದ ಮೇಲೆ ಅವರು ಅತ್ತಿದ್ದು ಅದೇ ಮೊದಲು. ನಾಲ್ಕು ಜನ ಸೇರಿ ಬೋರ್‌ವೆಲ್ ನೀರಲ್ಲಿ ಆರು ಸಲ ಜಾಲಾಡಿಸಿದ್ವಿ, ಎರಡು ತುದಿ ಹಿಡಿದು ಹಿಂಡಿದ್ವಿ, ಹಿಂಡಿದಷ್ಟೂ ಕೆಂಪು ನೀರು. ಕೊನೆಗೆ ಬಿಸಿನೀರು ಸೋಡಾದಲ್ಲಿ ನೆನೆಸಿ ಕಲ್ಲಿನ ಮೇಲೆ ಮೂರು ದಿನ ಬಿಸಿಲಿಗೆ ಹಾಕಿದ್ಮೇಲೆ ಒಂದೊಂದೇ ತುಂಡು ಸೀರೆ ಕಾಣಿಸ್ತು, ಹಸಿರಂಚಿಂದು, ಚುಕ್ಕಿದು. ಅಂಥ ಒಂದು ಸಾಮಾನು ಪ್ರತಿ ಮನೆಯಲ್ಲೂ ಇರುತ್ತೆ, ಅದನ್ನ ಉಳಿಸೋಕೆ ಅರ್ಧ ದಿನ ಹೋದ್ರೂ ಹೋಗ್ಲಿ.

ಮದುವೆ ಫೋಟೋ ಆಲ್ಬಂ ಒದ್ದೆ ಆಗಿದ್ರೆ ಎಳೆದು ಬಿಡಿಸಬೇಡಿ. ಶುದ್ಧ ತಣ್ಣೀರಲ್ಲಿ ನೆನೆಸಿ, ತಾನಾಗೇ ಬಿಟ್ಕೊಂಡ ಮೇಲೆ ಚಿತ್ರ ಮೇಲೆ ಬರೋ ಹಾಗೆ ನೆರಳಲ್ಲಿ ಒಣಗಿಸಿ, ತಕ್ಷಣ ಮೊಬೈಲಲ್ಲಿ ಫೋಟೋ ಹೊಡ್ಕೊಳ್ಳಿ.

ನೀರು, ಹೊಟ್ಟೆ

ಕುಡಿಯೋ ನೀರು ಕುದಿಸಿ ಆರಿಸಿ. ಕುದಿಸೋಕೆ ಸೌದೆ ಇಲ್ಲದಿದ್ರೆ ಆಶಾ ಅಕ್ಕನ ಹತ್ರ ಕ್ಲೋರಿನ್ ಮಾತ್ರೆ ಇರುತ್ತೆ, ಅರ್ಧ ಗ್ರಾಂದು ಒಂದು ಮಾತ್ರೆ 20 ಲೀಟರ್‌ಗೆ ಸಾಕು, ಹಾಕಿ ಅರ್ಧ ಗಂಟೆ ಬಿಟ್ಟು ಕುಡೀರಿ. ಮನೆ ಬಾವಿ, ಟಾಕಿಗೆ ಬ್ಲೀಚಿಂಗ್ ಪೌಡರ್ ಹಾಕೋದಾದ್ರೆ ಮೊದಲು ರಾಡಿ ನೀರು ಪೂರ್ತಿ ಎತ್ತಿ ಹಾಕಿ, ಆಮೇಲೆ ಸಾವಿರ ಲೀಟರ್‌ಗೆ ಸಾಮಾನ್ಯ ದಿನದಲ್ಲಿ 2.5 ಗ್ರಾಂ, ನೆರೆ ಆದಾಗ 5 ಗ್ರಾಂವರೆಗೆ. ಪುಡಿಯನ್ನ ಹಾಗೇ ಸುರೀಬಾರದು, ಬಕೆಟ್‌ನಲ್ಲಿ ಪೇಸ್ಟ್ ಥರ ಕಲಸಿ ನೀರು ಬೆರೆಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿ ಮಾತ್ರ ಬಾವಿಗೆ ಬಿಡಬೇಕು, ಒಂದು ಗಂಟೆ ಕಾಯಬೇಕು. ಮಕ್ಕಳಿಗೆ ಭೇದಿ ಶುರು ಆದ್ರೆ ಓಆರ್‌ಎಸ್ ಪ್ಯಾಕೆಟ್, ಅದು ಸಿಗದಿದ್ರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಊಟದ ವಿಷಯ ಒಂದೇ ಮಾತು: ರೊಟ್ಟಿ ತಿನ್ನೋ ಹೊಟ್ಟೆಗೆ ಎಂಟು ದಿನ ಬ್ರೆಡ್ಡು ಪುಳಿಯೋಗರೆ ಕೊಟ್ರೆ ಮುದುಕರು ಊಟವನ್ನೇ ಬಿಡ್ತಾರೆ. ಜೋಳದ ಹಿಟ್ಟು, ಒಂದು ಹಂಚು, ಒಲೆ, ಶೇಂಗಾ ಚಟ್ನಿ ಪುಡಿ ಒಯ್ದು ಕೊಡಿ. ತನ್ನ ಕೈಯಾರೆ ರೊಟ್ಟಿ ಬಡಿದ ದಿನ ಅತ್ತಿ ಮುಖ ನೋಡ್ಬೇಕಿತ್ತು.

ಕಾಗದಪತ್ರ

ನೀವು ಊರಲ್ಲಿ ಇಲ್ಲದೆ ದೂರದಲ್ಲಿ ಕೂತಿದ್ರೂ ಮಾಡಬಹುದಾದ ದೊಡ್ಡ ಸಹಾಯ ಇದು, ಮತ್ತೆ ಮನೆಯವರಿಂದ ಒಬ್ಬರೇ ಆಗದ ಕೆಲಸವೂ ಇದೇ. ಒಂದು ನೋಟ್‌ಬುಕ್ ತಗೊಂಡು ಮನೆಯ ಪ್ರತಿಯೊಬ್ಬರ ಹೆಸರು ಬರೆದು, ಎದುರಿಗೆ ಯಾವ ಕಾಗದ ಇದೆ ಯಾವುದು ಹೋಗಿದೆ ಬರೀರಿ. ಒದ್ದೆ ಕಾಗದವನ್ನ ಬಿಸಿಲಿಗೆ ಹಾಕಬೇಡಿ, ಹಾಳೆ ನಡುವೆ ಪೇಪರ್ ಇಟ್ಟು ನೆರಳಲ್ಲಿ ಒಣಗಿಸಿ. ಕಳೆದಿದ್ದಕ್ಕೆಲ್ಲಾ ಪೊಲೀಸ್ ಸ್ಟೇಷನ್‌ನಲ್ಲಿ ಒಂದೇ ಅರ್ಜಿ ಕೊಟ್ಟು ಸ್ವೀಕೃತಿ ತಗೊಂಡ್ರೆ ಬಹಳ ಕಡೆ ಅದೇ ನಡೆಯುತ್ತೆ.

ಎಲ್ಲಕ್ಕಿಂತ ಮೊದಲು ಸಿಮ್ ಕಾರ್ಡ್, ಅದೇ ನಂಬರ್ ವಾಪಸ್ ತಗೊಳ್ಳಿ. ಓಟಿಪಿ ಬರದೆ ಯಾವುದೂ ಆಗಲ್ಲ. ಆಮೇಲೆ ಆಧಾರ್ ಡೌನ್‌ಲೋಡ್, ಆಮೇಲೆ ಪಾಸ್‌ಬುಕ್, ರೇಷನ್ ಕಾರ್ಡ್. ಹೊಲದ ಉತಾರ (ಪಹಣಿ) ಸರ್ಕಾರದ 'ಭೂಮಿ' ಕಂಪ್ಯೂಟರ್ ದಾಖಲೆಯಲ್ಲಿ ಇದ್ದೇ ಇರುತ್ತೆ, ನಾಡ ಕಚೇರಿಯಲ್ಲಿ ತೆಗೆಸಬಹುದು, ಖರೀದಿ ಪತ್ರದ ನಕಲು ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಸಿಗುತ್ತೆ. ಮಕ್ಕಳ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್ ಡಿಜಿಲಾಕರ್‌ನಲ್ಲಿ ಸಿಗುತ್ತಾ ಮೊದಲು ನೋಡಿ, ಇಲ್ಲದಿದ್ರೆ ಓದಿದ ಶಾಲೆ ಹೆಡ್‌ಮಾಸ್ಟರ್ ಮೂಲಕ ಡೂಪ್ಲಿಕೇಟ್‌ಗೆ ಅರ್ಜಿ.

ಒಂದು ಗಂಟು ಎಷ್ಟೋ ಮನೆಗೆ ಬೀಳುತ್ತೆ. ಪರಿಹಾರದ ದುಡ್ಡು ಆಧಾರ್ ಜೋಡಣೆ ಆಗಿರೋ ಅಕೌಂಟಿಗೆ ಹೋಗುತ್ತೆ, ಆ ಜೋಡಣೆ ಯಾವತ್ತೋ ತೆಗೆದು ಮರೆತ ಬೇರೆ ಬ್ಯಾಂಕಿಗೆ ಆಗಿರುತ್ತೆ. ಮಾವನದು ಹಾಗೇ ಆಗಿತ್ತು, ಎರಡು ತಿಂಗಳು "ರೊಕ್ಕಾ ಬಂದಿಲ್ಲ" ಅಂತ ಅಲೆದಾಡಿದ್ವಿ, ರೊಕ್ಕ ಬೇರೆ ಬ್ಯಾಂಕಲ್ಲಿ ಕೂತಿತ್ತು. ಆಧಾರ್ ವೆಬ್‌ಸೈಟಲ್ಲೇ ಯಾವ ಬ್ಯಾಂಕಿಗೆ ಸೀಡ್ ಆಗಿದೆ ಅಂತ ನೋಡಬಹುದು, ಮೊದಲ ವಾರವೇ ನೋಡಿ.

ಸರ್ವೆ, ಪರಿಹಾರ

2019ರಲ್ಲಿ ಮನೆಗೆ ನೀರು ಹೊಕ್ಕ ಕುಟುಂಬಕ್ಕೆ ತುರ್ತಾಗಿ 10,000 ರೂಪಾಯಿ ಕೊಟ್ರು. ಮನೆ ಹಾನಿಯನ್ನ ಎ, ಬಿ, ಸಿ ಅಂತ ಮೂರು ಮಾಡಿದ್ರು. ಎ ಅಂದ್ರೆ ಪೂರ್ತಿ ಬಿದ್ದಿದ್ದು, 5 ಲಕ್ಷ. ಬಿ ವರ್ಗದಲ್ಲಿ ದುರಸ್ತಿಗೆ 3 ಲಕ್ಷ, ಸಿ ಅಂದ್ರೆ ಸ್ವಲ್ಪ ಹಾನಿ, 50 ಸಾವಿರ. ಆಮೇಲಿನ ವರ್ಷಗಳಲ್ಲಿ ಈ ಮೊತ್ತ ಬದಲಾಗಿದೆ, ನಿಮ್ಮ ವರ್ಷದ ಆದೇಶದ ಪ್ರತಿಯನ್ನೇ ತಹಶೀಲ್ದಾರ್ ಆಫೀಸಲ್ಲಿ ಕೇಳಿ ಓದ್ಕೊಳ್ಳಿ. ಆದ್ರೆ ಎ ಮತ್ತು ಸಿ ನಡುವೆ ಎಷ್ಟು ಅಂತರ ಇದೆ ನೋಡಿ, ಸರ್ವೆಗೆ ಬಂದವರು ಬರೆಯೋ ಒಂದು ಅಕ್ಷರದ ಮೇಲೆ ಒಂದು ಸಂಸಾರದ ಮುಂದಿನ ಹತ್ತು ವರ್ಷ ನಿಂತಿರುತ್ತೆ. ಅದಕ್ಕೆ ಸರ್ವೆ ದಿನ ನೀವು ಅಲ್ಲಿರಿ. ತಲಾಟಿ (ಊರಿನ ಕಂದಾಯ ಅಧಿಕಾರಿ), ಪಂಚಾಯ್ತಿಯ ಪಿಡಿಒ, ಇಂಜಿನಿಯರ್ ಬರ್ತಾರೆ, ಅವರಿಗೂ ದಿನಕ್ಕೆ ಹತ್ತಾರು ಮನೆ ನೋಡೋ ಒತ್ತಡ, ಬೀದಿಯಲ್ಲೇ ನಿಂತು ಮುಂದಿನ ಗೋಡೆ ನೋಡಿ ಹೋಗಿಬಿಡೋ ಸಾಧ್ಯತೆ ಇರುತ್ತೆ. ಹಿತ್ತಲಿಗೆ ಕರ್ಕೊಂಡು ಹೋಗಿ ತೋರ್ಸಿ, ಫೋಟೋ ತೋರ್ಸಿ, ಏನು ಬರ್ಕೊಂಡ್ರು ಅಂತ ವಿನಯದಿಂದ ಕೇಳಿ. ಪಟ್ಟಿ ಪಂಚಾಯ್ತಿ ಬೋರ್ಡಿಗೆ ಹಚ್ಚಿದಾಗ ಹೆಸರು, ವರ್ಗ ನೋಡಿ, ತಪ್ಪಿದ್ರೆ ಆಕ್ಷೇಪಣೆ ಅರ್ಜಿ ತಕ್ಷಣ, ಎರಡು ಪ್ರತಿ, ಒಂದರ ಮೇಲೆ ಸೀಲು ಸಹಿ ಹಾಕಿಸ್ಕೊಂಡು ಬನ್ನಿ. ಬಾಯಿಮಾತಲ್ಲಿ "ನೋಡೋಣ್ರಿ" ಅಂದಿದ್ದಕ್ಕೆ ಬೆಲೆ ಇಲ್ಲ.

ಮನೆ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲಿದ್ರೆ, ಒಂದೇ ಮನೆಯಲ್ಲಿ ಅಣ್ಣತಮ್ಮಂದಿರು ಎರಡು ಒಲೆ ಹೂಡಿದ್ರೆ ಅಲ್ಲೇ ತಕರಾರು ಶುರು ಆಗುತ್ತೆ. ದುಡ್ಡು ಬಂದ ಮೇಲೆ ಹಂಚ್ಕೊಳ್ಳೋಕೆ ಕೂತ್ರೆ ಮನಸ್ಸು ಒಡೆಯುತ್ತೆ, ಬರೋ ಮುಂಚೆಯೇ ಹಿರಿಯರೊಬ್ಬರನ್ನ ಕೂರಿಸಿ ಒಪ್ಪಿಗೆ ಪತ್ರ ಮಾಡಿಸಿ. ಬಾಡಿಗೆ ಮನೆಯಲ್ಲಿದ್ದವರಿಗೂ ಬಟ್ಟೆ ಪಾತ್ರೆ ಹೋಗಿರುತ್ತೆ, ಅವರ ಹೆಸರನ್ನೂ ಬರೆಸಿ.

ದನ, ಹೊಲ

ದನ ಸತ್ತಿದ್ರೆ ಹೂಳೋ ಮುಂಚೆ ಪಶುವೈದ್ಯರಿಂದ ಪ್ರಮಾಣಪತ್ರ, ಫೋಟೋ ಬೇಕೇಬೇಕು. 2022ರಿಂದ 2026ರ ಅವಧಿಗೆ ಕೇಂದ್ರ ಹೊರಡಿಸಿದ ಎಸ್‌ಡಿಆರ್‌ಎಫ್ (ರಾಜ್ಯ ವಿಪತ್ತು ಪರಿಹಾರ ನಿಧಿ) ಮಾನದಂಡದಲ್ಲಿ ಹಾಲು ಕೊಡೋ ಎಮ್ಮೆ ಆಕಳಿಗೆ 37,500, ಎತ್ತಿಗೆ 32,000, ಕುರಿ ಮೇಕೆಗೆ 4,000 ಇತ್ತು. ಬೆಳೆಗೆ ಹೆಕ್ಟೇರಿಗೆ ಖುಷ್ಕಿಯಲ್ಲಿ 8,500, ನೀರಾವರಿಯಲ್ಲಿ 17,000, ಬಹುವಾರ್ಷಿಕಕ್ಕೆ 22,500, ಅದೂ ಎರಡು ಹೆಕ್ಟೇರ್ ತನಕ ಮಾತ್ರ. ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ) ಇಲ್ಲದಿದ್ರೆ ಅದೂ ಬರಲ್ಲ, ರೈತ ಸಂಪರ್ಕ ಕೇಂದ್ರದಲ್ಲಿ ಮಾಡಿಸಿ. ಬೆಳೆ ವಿಮೆ ಕಟ್ಟಿದ್ರೆ 72 ಗಂಟೆಯೊಳಗೆ 14447ಕ್ಕೆ ಹಾನಿ ತಿಳಿಸಬೇಕು, ಆ ಗಡಿಬಿಡಿಯಲ್ಲಿ ಮನೆಯವರಿಗೆ ಇದು ನೆನಪಾಗಲ್ಲ, ನೀವು ಫೋನ್ ಮಾಡಿ ನೆನಪಿಸಿ.

ಉಳಿದ ದನಕ್ಕೆ ಮೇವು ಬೇಕು. ಬಣವಿ ಕೊಚ್ಚಿ ಹೋಗಿರುತ್ತೆ. ಮನುಷ್ಯರಿಗೆ ಊಟ ತರೋರು ನೂರು ಜನ, ಕಣಕಿ ತರೋರು ಯಾರೂ ಇಲ್ಲ, ಮೇವಿಲ್ಲದೆ ಅಗ್ಗಕ್ಕೆ ಎಮ್ಮೆ ಮಾರಿಬಿಟ್ರೆ ಆ ಮನೆಯ ದಿನದ ಆದಾಯವೇ ಹೋಯ್ತು. ನೆರೆ ಬಾರದ ಊರಿಂದ ಒಂದು ಟ್ರ್ಯಾಕ್ಟರ್ ಕಣಕಿನೋ ಕಬ್ಬಿನ ಸೋಗೆನೋ ಕೊಂಡು ಹಾಕಿಸಿ, ಅದೇ ದೊಡ್ಡ ಉಪಕಾರ. ಗಳಲೆ ರೋಗ, ಚಪ್ಪೆ ರೋಗದ ಲಸಿಕೆ ಹಾಕಿಸಿ. ಹೊಲದ ಮೇಲೆ ಮರಳು ಬಿದ್ದಿದ್ರೆ, ಮಣ್ಣು ಕೊಚ್ಚಿ ಹೋಗಿದ್ರೆ ಅದನ್ನ ಬೆಳೆ ಹಾನಿ ಜೊತೆ ಸೇರಿಸದೆ ಬೇರೆಯಾಗಿ ಬರೆಸಿ.

ಸಾಲ

ಸಂಘದ ವಾರದ ಕಂತು ನೆರೆ ಬಂದ್ರೂ ನಿಲ್ಲಲ್ಲ. ಅತ್ತಿ ತುರ್ತು ಪರಿಹಾರದ 10,000ದಲ್ಲಿ ಕಂತು ಕಟ್ಟಿದ್ದು ನಮಗೆ ಗೊತ್ತಾಗಿದ್ದೇ ತಿಂಗಳು ಕಳೆದ ಮೇಲೆ. ಕೇಳಿದ್ರೆ "ಮಂದಿ ಮುಂದ ಮರ್ಯಾದಿ ಹೋಗ್ತದ" ಅಂದ್ರು. ಅದಕ್ಕೆ ಎರಡನೇ ತಿಂಗಳು ಒಂದು ಸಂಜೆ ಸುಮ್ಮನೆ ಕೂತು, ಯಾರಿಗೆ ಎಷ್ಟು ಕೊಡ್ಬೇಕು ಅಂತ ಪಟ್ಟಿ ಮಾಡಿ, ಬೇರೆಯವರ ಮುಂದೆ ಅಲ್ಲ, ಒಬ್ಬರನ್ನೇ ಕೂರಿಸ್ಕೊಂಡು. ಬ್ಯಾಂಕಿನ ಬೆಳೆಸಾಲಕ್ಕೆ ಪ್ರಕೃತಿ ವಿಕೋಪ ಆದಾಗ ಅವಧಿ ಬದಲಿಸಿ ಕೊಡೋ ಅವಕಾಶ ಆರ್‌ಬಿಐ ನಿಯಮದಲ್ಲೇ ಇದೆ, ಮ್ಯಾನೇಜರ್‌ಗೆ ಬರವಣಿಗೆಯಲ್ಲಿ ಅರ್ಜಿ ಕೊಡಿ. ಸಂಘದ ಕಂತಿಗೂ ಎರಡು ಮೂರು ತಿಂಗಳು ಬಿಡುವು ಕೇಳಿ, ಊರಿನ ಹೆಣ್ಣುಮಕ್ಕಳು ಒಟ್ಟಾಗಿ ಕೇಳಿದ್ರೆ ಸಿಗುತ್ತೆ, ಒಬ್ಬೊಬ್ಬರೇ ಕೇಳಿದ್ರೆ ಸಿಗಲ್ಲ. ಈ ಸಮಯದಲ್ಲಿ ಹೆಚ್ಚು ಬಡ್ಡಿಗೆ ಸಾಲ ಕೊಡ್ತೀನಿ ಅಂತ, ಹೊಲ ಬರೆದುಕೊಡಿ ಅಂತ ಬರೋರು ಇರ್ತಾರೆ. ಯಾವ ಕಾಗದಕ್ಕೂ ನಿಮಗೆ ಫೋನ್ ಮಾಡದೆ ಸಹಿ ಹಾಕಬಾರದು ಅಂತ ಮಾತು ತಗೊಳ್ಳಿ.

ಮನಸ್ಸು

ನಮ್ಮ ಮಾವ ದಿನಾ ಸಂಜೆ ಗುಡಿ ಕಟ್ಟೆಗೆ ಹೋಗಿ ಹರಟೆ ಹೊಡೆಯೋ ಮನುಷ್ಯ, ಎರಡು ತಿಂಗಳು ಹೋಗ್ಲೇ ಇಲ್ಲ. ಮೊಮ್ಮಗಳು ಮಳೆ ಹನಿ ಬಿದ್ರೆ ಸಾಕು ಚೀಲ ಹಿಡ್ಕೊಂಡು ಬಾಗಿಲಲ್ಲಿ ನಿಲ್ತಿದ್ಲು. ಇಂಥವರಿಗೆ "ಧೈರ್ಯ ತಗೊಳ್ರಿ, ಎಲ್ಲಾ ಸರಿ ಆಗ್ತದ" ಅನ್ನೋದರಿಂದ ಏನೂ ಆಗಲ್ಲ. ಪಕ್ಕ ಕೂತು ಕೇಳಿ. ಅದೇ ಕತೆ ಹತ್ತು ಸಲ ಹೇಳಿದ್ರೂ ಹತ್ತು ಸಲ ಕೇಳಿ, ಹೇಳ್ತಾ ಹೇಳ್ತಾನೇ ಭಾರ ಇಳಿಯೋದು. ಸಣ್ಣ ಕೆಲಸ ಜೊತೆಗೆ ಮಾಡಿ, ದನದ ಹಗ್ಗ ಹೊಸೆಯೋದಾಗಲಿ ಸಂತೆಗೆ ಹೋಗೋದಾಗಲಿ. ಮಕ್ಕಳು ಆದಷ್ಟು ಬೇಗ ಶಾಲೆಗೆ ಹೋಗ್ಲಿ, ಹೋದ ನೋಟ್ಸನ್ನ ಪಕ್ಕದ ಊರಿನ ಅದೇ ಕ್ಲಾಸಿನ ಮಗುವಿಂದ ಜೆರಾಕ್ಸ್ ಮಾಡಿಸಿ ಕೊಡಿ. ನಿದ್ದೆ ಇಲ್ಲ, ಊಟ ಬಿಟ್ಟಿದಾರೆ, ಬದುಕಿ ಏನು ಮಾಡೋದು ಅನ್ನೋ ಮಾತು ಬಾಯಲ್ಲಿ ಬಂದ್ರೆ ಅದನ್ನ ಹಗುರ ತಗೋಬೇಡಿ. ಟೆಲಿಮನಸ್ 14416ಕ್ಕೆ ಫೋನ್ ಹಚ್ಚಿ ಕೊಡಿ, ಕನ್ನಡದಲ್ಲೇ ಮಾತಾಡ್ತಾರೆ, ಹಗಲು ರಾತ್ರಿ ಇರ್ತಾರೆ. ಆ ರಾತ್ರಿ ಅವರನ್ನ ಒಬ್ಬರೇ ಬಿಡಬೇಡಿ.

ಮನೆ ಕಟ್ಟೋದು, ನಿಮ್ಮ ದುಡ್ಡು ನಿಜವಾಗಿ ಬೇಕಾಗೋದು ಈಗ

ಮನೆ ಪರಿಹಾರ ಒಂದೇ ಸಲ ಬರಲ್ಲ. ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಮೂಲಕ ಕಂತಿನಲ್ಲಿ ಬರುತ್ತೆ, ಪಾಯ ಆದ್ಮೇಲೆ ಜಿಪಿಎಸ್ ಫೋಟೋ, ಲಿಂಟಲ್ ಆದ್ಮೇಲೆ ಫೋಟೋ, ಛಾವಣಿ ಆದ್ಮೇಲೆ ಫೋಟೋ, ಆ ಹಂತದ ಫೋಟೋ ಹತ್ತಿದ ಮೇಲೆ ಮುಂದಿನ ಕಂತು. ಅಂದ್ರೆ ಪ್ರತಿ ಹಂತದಲ್ಲೂ ಮನೆಯವರು ತಮ್ಮ ಕೈಯಿಂದ ಹಾಕಿ ಕಾಯಬೇಕು. ಎಷ್ಟೋ ಮನೆಗಳು ಲಿಂಟಲ್ ಮಟ್ಟಕ್ಕೆ ನಿಂತು ಹುಲ್ಲು ಬೆಳೆದಿದ್ದು ಇದೇ ಕಾರಣಕ್ಕೆ. ಮೊದಲ ವಾರ ಕೊಡ್ಬೇಕು ಅಂತ ಇಟ್ಟಿರೋ ದುಡ್ಡಲ್ಲಿ ಮುಕ್ಕಾಲು ಭಾಗ ಎತ್ತಿಡಿ, ಆರು ತಿಂಗಳು ಆದ್ಮೇಲೆ ಎರಡು ಕಂತುಗಳ ನಡುವೆ ಸಿಮೆಂಟಿಗೆ, ಗೌಂಡಿ ಕೂಲಿಗೆ ಕೈಗಡವಾಗಿ ಕೊಡಿ. ನಾವು ಅಣ್ಣತಮ್ಮಂದಿರು ನಾಲ್ಕು ಜನ ಸೇರಿ ಹೀಗೆ ಮಾಡಿದ್ವಿ, ಕಂತು ಬಂದ ಹಾಗೆ ಮಾವ ವಾಪಸ್ ಕೊಟ್ರು, ಕೊಟ್ಟಿದ್ದನ್ನ ನಾವು ತಗೊಂಡ್ವಿ ಕೂಡ, ಬೇಡ ಅಂದಿದ್ರೆ ಅವರಿಗೆ ಅವಮಾನ ಆಗ್ತಿತ್ತು, ಅದೇ ದುಡ್ಡು ಮುಂದಿನ ಹಂತಕ್ಕೆ ಮತ್ತೆ ಹೋಯ್ತು.

ಪಾಯವನ್ನ ನೀರಿನ ಗೆರೆಗಿಂತ ಎತ್ತರ ಎಬ್ಬಿಸಿ, ಆಗದಿದ್ರೆ ಕೊನೇ ಪಕ್ಷ ಒಳಗೆ ಒಂದು ಗಟ್ಟಿ ಅಟ್ಟ ಮಾಡಿಸಿ. ಊರನ್ನೇ ಬೇರೆ ಕಡೆ ಸ್ಥಳಾಂತರ ಮಾಡೋ ಮಾತು ಬಂದ್ರೆ ನೀವು ತೀರ್ಮಾನ ಹೇಳೋಕೆ ಹೋಗಬೇಡಿ. 2009ರ ನೆರೆ ಆದ್ಮೇಲೆ ಆಸರೆ ಅಂತ ಮನೆ ಕಟ್ಟಿಕೊಟ್ರು, ಹೊಲಕ್ಕೆ ದೂರ, ದನ ಕಟ್ಟೋಕೆ ಜಾಗ ಇಲ್ಲ ಅಂತ ಎಷ್ಟೋ ಜನ ಹೋಗ್ಲಿಲ್ಲ, ಮನೆಗಳು ಖಾಲಿ ಬಿದ್ದು ಜಾಲಿ ಬೆಳೆದ್ವು. ಹೋಗಿ ಒಂದು ದಿನ ಆ ಜಾಗದಲ್ಲಿ ಇದ್ದು ನೋಡಿ ಬನ್ನಿ, ನೀರು ಎಲ್ಲಿಂದ, ಹೊಲಕ್ಕೆ ಎಷ್ಟು ದೂರ, ಶಾಲೆ ಎಲ್ಲಿ ಅಂತ ಲೆಕ್ಕ ಹಾಕೋಕೆ ಸಹಾಯ ಮಾಡಿ, ತೀರ್ಮಾನ ಅವರದೇ ಇರ್ಲಿ.

ಮುಂದಿನ ಮಿರಗ ಮಳೆಗೆ ಮುಂಚೆ

ವರ್ಷ ತುಂಬೋ ಹೊತ್ತಿಗೆ, ಜೂನ್ ಮೊದಲ ವಾರದ ಒಳಗೆ ಒಂದು ಸಲ ಹೋಗಿ ಬನ್ನಿ. ಎಲ್ಲಾ ಕಾಗದ ಒಂದು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ, ಬಾಯಿ ಕಟ್ಟಿ, ಬಾಗಿಲ ಮೇಲಿನ ಗೂಟಕ್ಕೆ. ಹತ್ತು ದಿನದ ಗುಳಿಗೆ, ಟಾರ್ಚು, ಒಂದಿಷ್ಟು ನೋಟು ಅದರಲ್ಲೇ. ದನ ಯಾವ ದಿಬ್ಬಕ್ಕೆ ಹೊಡೆಯೋದು, ಯಾರು ಹೊಡೆಯೋದು, ರಾತ್ರಿ ನೀರು ಬಂದ್ರೆ ಹಗ್ಗ ಬಿಚ್ಚೋದು ಯಾರು ಅಂತ ಈಗಲೇ ಮಾತಾಡಿ, ಕಟ್ಟಿದ ಹಗ್ಗದಲ್ಲೇ ಎಮ್ಮೆ ಸತ್ತಿದ್ದನ್ನ ಯಾವ ಮನೆಯೂ ಮರೆಯಲ್ಲ. ಡ್ಯಾಮ್ ನೀರು ಬಿಡೋ ಸುದ್ದಿ ಊರಿನ ಯಾವ ವಾಟ್ಸಾಪ್ ಗ್ರೂಪಿಗೆ ಬರುತ್ತೆ ಕೇಳಿ, ಆ ಗ್ರೂಪಿಗೆ ನಿಮ್ಮ ನಂಬರನ್ನೂ ಸೇರಿಸಿ. ನಾನು ಈಗಲೂ ಆ ಗ್ರೂಪಲ್ಲಿದೀನಿ. ಮೆಸೇಜ್ ಬಂದ ತಕ್ಷಣ ಅತ್ತಿಗೆ ಫೋನ್ ಮಾಡ್ತೀನಿ, ಅವರು ಫೋನ್ ಎತ್ತಿ ಮೊದಲು ಹೇಳೋದು "ಚೀಲ ಗೂಟಕ್ಕೈತಿ, ಎಮ್ಮಿ ದಿಬ್ಬದ ಮ್ಯಾಲದಾವು, ಕೌದಿನೂ ಒಯ್ದೀನಿ".